ಡಿಸ್ಲೆಕ್ಸಿಯಾ ಇರುವ ಮಕ್ಕಳಿಗೆ ಮೊದಲು ಓದು, ಆಮೇಲೆ ವಿನಾಯಿತಿ

ಸಂಪಾದಕರಿಗೆ,

ಮಾನ್ಯರೇ,

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಾಗಲೆಲ್ಲ ಕಲಿಕಾ ನ್ಯೂನತೆಯುಳ್ಳ ಮಕ್ಕಳಿಗೆ ಸಿಗಬೇಕಾದ ರಿಯಾಯಿತಿಗಳ ವಿಷಯ ಚರ್ಚೆಗೆ ಬರುತ್ತದೆ. ಹೆಚ್ಚುವರಿ ಸಮಯ ಸಿಕ್ಕಿತೇ, ಉತ್ತರ ಬರೆದುಕೊಡುವ ಲಿಪಿಕಾರರು ದೊರೆತರೇ, ಭಾಷಾ ವಿಷಯದಿಂದ ವಿನಾಯಿತಿ ಮಂಜೂರಾಯಿತೇ ಎಂಬ ಪ್ರಶ್ನೆಗಳು ಆ ಕೆಲವು ವಾರ ಕೇಳಿಬಂದು, ಫಲಿತಾಂಶ ಪ್ರಕಟವಾಗುವ ಹೊತ್ತಿಗೆ ತಣ್ಣಗಾಗುತ್ತವೆ. ಮೈಸೂರಿನ ಹೊರವಲಯದ ಅನುದಾನಿತ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ, ಓದು ಕೈಹಿಡಿಯದ ಮಕ್ಕಳಿಗಾಗಿ ಏಳು ವರ್ಷಗಳಿಂದ ಓದಿನ ತರಗತಿಯನ್ನು ನಡೆಸುತ್ತಿರುವ ಶಿಕ್ಷಕಿಯಾಗಿ ನಾನು ಹೇಳಬೇಕೆಂದಿರುವುದು ಆ ರಿಯಾಯಿತಿಗಳಿಗಿಂತ ಏಳೆಂಟು ವರ್ಷ ಮೊದಲೇ ಆಗಬೇಕಾದ, ಆದರೆ ನಾನು ಕಂಡ ಹೆಚ್ಚಿನ ಶಾಲೆಗಳಲ್ಲಿ ಆಗದೇ ಉಳಿದಿರುವ ಕೆಲಸದ ಬಗ್ಗೆ. ಡಿಸ್ಲೆಕ್ಸಿಯಾ (ಓದು-ಬರಹವನ್ನು ಕಷ್ಟವಾಗಿಸುವ ಕಲಿಕಾ ನ್ಯೂನತೆ) ಇರುವ ಮಗುವಿಗೆ ಓದು ಕಲಿಸಬಹುದು, ಅದನ್ನು ಕನ್ನಡದಲ್ಲೇ ಕಲಿಸಬಹುದು, ಅದಕ್ಕಾಗಿ ಯಾವ ಪ್ರಮಾಣಪತ್ರಕ್ಕೂ ಕಾಯಬೇಕಾಗಿಲ್ಲ.

ಎರಡು ವರ್ಷಗಳ ಹಿಂದೆ ಬೇರೊಂದು ಶಾಲೆಯಿಂದ ನಮ್ಮಲ್ಲಿಗೆ ನಾಲ್ಕನೇ ತರಗತಿಗೆ ಬಂದು ಸೇರಿದ ಹುಡುಗನೊಬ್ಬನ ಪ್ರಗತಿ ಪತ್ರದಲ್ಲಿ ಕನ್ನಡಕ್ಕೆ ಒಳ್ಳೆಯ ಶ್ರೇಣಿಯೇ ಇತ್ತು. ತರಗತಿಯಲ್ಲಿ ಎಲ್ಲರೂ ಒಟ್ಟಾಗಿ ಪಾಠ ಓದುವಾಗ ಅವನ ದನಿ ಉಳಿದವರಿಗಿಂತ ಗಟ್ಟಿಯಾಗಿ ಕೇಳುತ್ತಿತ್ತು. ಒಂದು ದಿನ ಬಿಸಿಯೂಟದ ನಂತರ ಅವನೊಬ್ಬನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಅದೇ ಪಾಠವನ್ನು ಓದಿಸಿದೆ. ಬೆರಳನ್ನು ಸಾಲಿನ ಮೇಲೆ ಸರಿಸುತ್ತ, ರಾಗವಾಗಿ, ಎಲ್ಲೂ ತಡವರಿಸದೆ ಓದುತ್ತ ಹೋದವನು ಪುಟದ ಕೊನೆಗೆ ಬಂದಾಗ ಅಂಟಿಕೊಂಡಿದ್ದ ಎರಡು ಹಾಳೆಗಳನ್ನು ಒಟ್ಟಿಗೆ ಮಗುಚಿದ; ಆದರೂ ಅವನ ಬಾಯಿಂದ ಬಂದದ್ದು ನಡುವೆ ಮುಚ್ಚಿಹೋಗಿದ್ದ ಪುಟದ ವಾಕ್ಯಗಳೇ. ಮೂರು ವರ್ಷಗಳ ಕಾಲ ಆ ಮಗು ಪಾಠಗಳನ್ನು ಕಿವಿಯಿಂದ ಕೇಳಿ ಬಾಯಿಪಾಠ ಮಾಡಿಕೊಂಡು, ಓದುವವರ ನಡುವೆ ಓದುವವನಂತೆ ಕುಳಿತಿದ್ದ. ಅದಕ್ಕೆ ಎಷ್ಟು ನೆನಪಿನ ಶಕ್ತಿ ಬೇಕು, ಎಷ್ಟು ಅಂಜಿಕೆಯನ್ನು ನುಂಗಿಕೊಂಡಿರಬೇಕು ಎಂಬುದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ಆಗ ಸ್ಲೇಟಿನ ಮೇಲೆ ‘ಮರ’, ‘ಹಳ್ಳಿ’, ‘ಸೂರ್ಯ’ ಎಂಬ ಮೂರು ಪದಗಳನ್ನು ಬರೆದು ತೋರಿಸಿದೆ. ಮೊದಲನೆಯದನ್ನು ‘ವರ’ ಎಂದ. ಎರಡನೆಯದರ ಒತ್ತನ್ನು ಬಿಟ್ಟು ‘ಹಳಿ’ ಎಂದ. ಮೂರನೆಯದನ್ನು ಬಹಳ ಹೊತ್ತು ನೋಡಿ, ಒಂದೊಂದೇ ಗುರುತಿನ ಕೆಳಗೆ ಬೆರಳಿಟ್ಟು, ‘ಸೂ… ಯ… ರ’ ಎಂದು ಓದಿದ. ಇದನ್ನು ಗಮನವಿಲ್ಲದವನ ತಪ್ಪು ಎಂದು ಹೇಳಿಬಿಡುವುದು ಸುಲಭ. ಆದರೆ ಪುಟದ ಮೇಲೆ ಇರುವುದು ಅದೇ ಕ್ರಮ: ಮೊದಲು ಸೂ, ಆಮೇಲೆ ಯ, ಕೊನೆಗೆ ಅರ್ಕಾವತ್ತು. ಬಾಯಲ್ಲಿ ಮೊದಲು ಬರುವ ರಕಾರವನ್ನು ಕನ್ನಡ ಬರವಣಿಗೆ ನಂತರ ಇಡುತ್ತದೆ. ಹೆಚ್ಚಿನ ಮಕ್ಕಳು ‘ಸೂರ್ಯ’ ಎಂಬ ಇಡೀ ಪದವನ್ನು ನಾಲ್ಕಾರು ಸಲ ಕಂಡು ಈ ತಿರುವನ್ನು ತಾವಾಗಿಯೇ ದಾಟಿಬಿಡುತ್ತಾರೆ. ಈ ಹುಡುಗನಂಥ ಮಗುವಿಗೆ ಅದನ್ನು ಯಾರಾದರೂ ಬಿಡಿಸಿ ಹೇಳಬೇಕು, ಹೇಳಿದ್ದನ್ನು ಹಲವು ವಾರ ಮತ್ತೆ ಮತ್ತೆ ಮಾಡಿಸಬೇಕು.

ಈ ತೊಂದರೆ ಹೊಸದಲ್ಲ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಅವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದಿದ್ದರು. ಆಟದಲ್ಲಾಗಲಿ ಮಾತಿನಲ್ಲಾಗಲಿ ಯಾರಿಗೂ ಕಡಿಮೆಯಿಲ್ಲದ ಆ ಹುಡುಗ ತನ್ನ ಹೆಸರನ್ನು ಬರೆಯುವಾಗ ರಕಾರವನ್ನು ಹಿಂದುಮುಂದು ಮಾಡಿ ‘ಪ್ರೆಸಿ’ ಎಂದು ಬರೆದಿದ್ದ, ಮತ್ತು ಬೇರೆಯವರು ತೋರಿಸಿಕೊಡುವವರೆಗೆ ಅದು ಅವನಿಗೆ ತಿಳಿದಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಯಲ್ಲಿ ಇವನೇ ಅತ್ಯಂತ ಚುರುಕಿನ ಹುಡುಗನಾಗಿರುತ್ತಿದ್ದ ಎಂದು ಅವನ ಮೇಷ್ಟರು ಹೇಳಿದ್ದನ್ನೂ ಮಾರ್ಗನ್ ದಾಖಲಿಸಿದ್ದಾರೆ. ನೂರಿಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ನಂತರ ನನ್ನ ಸಹೋದ್ಯೋಗಿಗಳು ಓದಿನ ತರಗತಿಗೆ ಮಗುವನ್ನು ಕಳುಹಿಸುವಾಗ ಹೇಳುವುದೂ ಹೆಚ್ಚುಕಡಿಮೆ ಇದೇ ಮಾತು: ‘ಕೇಳಿದರೆ ಎಲ್ಲಾ ಹೇಳ್ತಾನೆ ಮೇಡಂ, ಓದು ಅಂದರೆ ಮಾತ್ರ ಆಗಲ್ಲ.’

ಆ ಮಾತಿನಲ್ಲೇ ಡಿಸ್ಲೆಕ್ಸಿಯಾದ ತಿರುಳಿದೆ. ಅದು ಕಣ್ಣಿನ ದೋಷವಲ್ಲ, ಬುದ್ಧಿಯ ಕೊರತೆಯಲ್ಲ, ಸೋಮಾರಿತನವೂ ಅಲ್ಲ. ಮಾತಿನೊಳಗಿನ ಸಣ್ಣ ಸಣ್ಣ ಧ್ವನಿಗಳನ್ನು ಬಿಡಿಸಿ ಹಿಡಿಯುವುದು, ಆ ಧ್ವನಿಗೂ ಕಾಗದದ ಮೇಲಿನ ಗುರುತಿಗೂ ಗಂಟು ಹಾಕುವುದು, ಹಾಕಿದ ಗಂಟನ್ನು ಬೇಕೆಂದಾಗ ಥಟ್ಟನೆ ನೆನಪಿಗೆ ತಂದುಕೊಳ್ಳುವುದು ಇಂಥ ಮಕ್ಕಳಿಗೆ ಉಳಿದವರಿಗಿಂತ ಬಹಳ ಕಷ್ಟ. ಬಹುಮಟ್ಟಿಗೆ ಇದು ವಂಶವಾಹಿಯಾಗಿ ಬರುತ್ತದೆ. ಮೇಲೆ ಹೇಳಿದ ಹುಡುಗನ ತಂದೆ ಗೂಡ್ಸ್ ಆಟೋ ಓಡಿಸುತ್ತಾರೆ. ಮಗನ ವಿಷಯ ಮಾತನಾಡಲು ಕರೆಸಿದಾಗ ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡಿದ್ದ ಅವರು, ಹೊರಡುವ ಮುನ್ನ, ‘ನಂಗೂ ಹಿಂಗೇ ಮೇಡಂ. ಏಳನೇ ಕ್ಲಾಸಿಗೆ ಬಿಟ್ಟೆ. ಈಗ್ಲೂ ಅಡ್ರೆಸ್ ಚೀಟಿ ಕೊಟ್ರೆ ಕನ್ನಡಕ ಮರ್ತೆ ಅಂತೀನಿ’ ಎಂದರು. ಅವರಿಗೆ ಕನ್ನಡಕವೇ ಇಲ್ಲ.

ನಾನೇನೂ ಮೊದಲಿನಿಂದ ಇದನ್ನೆಲ್ಲ ತಿಳಿದವಳಲ್ಲ. ವೃತ್ತಿಗೆ ಸೇರಿದ ಮೊದಲ ವರ್ಷಗಳಲ್ಲಿ ನನ್ನ ತರಗತಿಯಲ್ಲಿದ್ದ ಹುಡುಗಿಯೊಬ್ಬಳು ‘ಕಾಲು’ ಎಂಬುದನ್ನು ‘ಕಲು’ ಎಂದು, ‘ಅಮ್ಮ’ ಎಂಬುದನ್ನು ‘ಅಮ’ ಎಂದು ಬರೆಯುತ್ತಿದ್ದಳು. ಪ್ರತಿ ತಪ್ಪಿಗೂ ಹತ್ತು ಸಲ ಬರೆದುಕೊಂಡು ಬಾ ಎಂದು ಹೇಳುತ್ತಿದ್ದೆ. ಅವಳು ಹತ್ತು ಸಲವೂ ‘ಕಲು’ ಎಂದೇ ಅಚ್ಚುಕಟ್ಟಾಗಿ ಬರೆದು ತರುತ್ತಿದ್ದಳು. ಅದನ್ನು ನಾನು ಮೊಂಡುತನವೆಂದು ಭಾವಿಸಿದೆ. ಏಳನೇ ತರಗತಿಯ ನಂತರ ಅವಳು ಶಾಲೆಗೆ ಬರಲಿಲ್ಲ. ದೀರ್ಘವನ್ನೂ ಒತ್ತನ್ನೂ ಅವಳ ಕಿವಿ ಬಿಡಿಸಿ ಹಿಡಿಯುತ್ತಿರಲಿಲ್ಲ, ಹಿಡಿಯುವುದನ್ನು ಕಲಿಸುವ ಬದಲು ನಾನು ತಪ್ಪನ್ನೇ ಹತ್ತು ಪಟ್ಟು ಗಟ್ಟಿ ಮಾಡಿಸುತ್ತಿದ್ದೆ ಎಂಬುದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಈ ಪತ್ರ ಬರೆಯಲು ಅವಳ ನೆನಪೂ ಒಂದು ಕಾರಣ.

‘ಕನ್ನಡ ಬರೆದಂತೆ ಓದುವ ಭಾಷೆ, ಇಂಗ್ಲಿಷಿನಂತೆ ಅಡ್ಡದಿಡ್ಡಿಯಲ್ಲ, ಆದ್ದರಿಂದ ಕನ್ನಡ ಓದುವ ಮಕ್ಕಳಿಗೆ ಡಿಸ್ಲೆಕ್ಸಿಯಾ ಬಾಧಿಸುವುದಿಲ್ಲ’ ಎಂಬ ಮಾತನ್ನು ಶಿಕ್ಷಕರ ತರಬೇತಿಗಳಲ್ಲಿ ಕೂಡ ಕೇಳಿದ್ದೇನೆ. ಇದು ಅರ್ಧ ಮಾತ್ರ ನಿಜ. ನಮ್ಮ ಅಕ್ಷರಕ್ಕೂ ಧ್ವನಿಗೂ ಇರುವ ನಂಟು ನೇರವಾದದ್ದು, ಮತ್ತು ಅದು ನಮ್ಮ ದೊಡ್ಡ ಅನುಕೂಲ. ಆದರೆ ಕಲಿಯಬೇಕಾದ ರೂಪಗಳ ಸಂಖ್ಯೆಯನ್ನು ನೋಡಿ. ವರ್ಣಮಾಲೆಯಲ್ಲಿ 49 ಅಕ್ಷರಗಳಿದ್ದರೆ, 34 ವ್ಯಂಜನಗಳ ಗುಣಿತವನ್ನು ಲೆಕ್ಕಕ್ಕೆ ಹಿಡಿದಾಗ ರೂಪಗಳು 400 ದಾಟುತ್ತವೆ, ಅದರ ಮೇಲೆ ಒತ್ತಕ್ಷರಗಳು. ಕನ್ನಡದ ಅಕ್ಷರಗಳ ಮೇಲೆ ಮಕ್ಕಳು ಹಿಡಿತ ಸಾಧಿಸುವುದು ಒಂದನೇ ಎರಡನೇ ತರಗತಿಗೆ ಮುಗಿಯದೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ ಎಂಬುದನ್ನು ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ತೊಂದರೆಯಿಲ್ಲದ ಮಕ್ಕಳಿಗೇ ಇಷ್ಟು ಕಾಲ ಹಿಡಿಯುವ ಕೆಲಸವನ್ನು ನಾವು ಮೂರನೇ ತರಗತಿಗೆ ‘ಮುಗಿಯಿತು’ ಎಂದು ಗುರುತು ಹಾಕಿ, ಅಲ್ಲಿಂದ ಮುಂದೆ ಪರಿಸರ ಅಧ್ಯಯನವನ್ನೂ ಗಣಿತವನ್ನೂ ಓದಿನ ಮೂಲಕವೇ ಕಲಿಸಲು ಹೊರಡುತ್ತೇವೆ.

ರೂಪಗಳ ಸಂಖ್ಯೆಯ ಜೊತೆಗೆ ಅವುಗಳ ಹೋಲಿಕೆಯೂ ಇದೆ. ಮ ಮತ್ತು ವ, ಪ ಮತ್ತು ಷ, ದ ಮತ್ತು ಧ, ಎ ಮತ್ತು ಏ. ಒಂದು ಸಣ್ಣ ಗೀಟಿನಲ್ಲಿ, ಒಂದು ಸುಳಿಯಲ್ಲಿ ವ್ಯತ್ಯಾಸ. ‘ಕು’, ‘ತು’, ‘ಸು’ ಎಂದು ಬದಿಗೆ ಕೊಂಬು ಹಾಕಲು ಕಲಿತ ಮಗುವಿಗೆ ‘ಪು’, ‘ವು’ ಬಂದಾಗ ಕೊಂಬು ಕೆಳಕ್ಕೆ ಇಳಿಯುತ್ತದೆ. ‘ವ’ಕ್ಕೆ ಕೊಂಬನ್ನು ಬದಿಗೆ ಹಾಕಿದರೆ ಅದು ‘ಮ’ದಂತೆಯೇ ಕಾಣುತ್ತದೆ ಎಂಬ ಕಾರಣವನ್ನು ಮಕ್ಕಳಿಗೆ ಬರೆದು ತೋರಿಸಿ ವಿವರಿಸಿದಾಗ ಅವರ ಮುಖದಲ್ಲಿ ಬರುವ ಸಮಾಧಾನವನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ತಪ್ಪು ತಮ್ಮದಲ್ಲ, ಗೊಂದಲಕ್ಕೆ ಒಂದು ಕಾರಣವಿದೆ ಎಂದು ತಿಳಿಯುವುದೇ ಅವರಿಗೆ ಅರ್ಧ ಧೈರ್ಯ.

ಇನ್ನು ಪದಗಳ ಉದ್ದ. ಪ್ರತ್ಯಯದ ಮೇಲೆ ಪ್ರತ್ಯಯ ಸೇರಿ ಬೆಳೆಯುವ ಕನ್ನಡದ ಕ್ರಿಯಾಪದಗಳನ್ನು ಅಕ್ಷರ ಅಕ್ಷರವಾಗಿ ಕೂಡಿಸಿಕೊಂಡು ಓದುವ ಮಗುವಿಗೆ ‘ಬರೆದುಕೊಂಡಿದ್ದರಂತೆ’ ಎಂಬ ಒಂದು ಪದದ ತುದಿ ಮುಟ್ಟುವಷ್ಟರಲ್ಲಿ ಬುಡ ಮರೆತಿರುತ್ತದೆ. ಮನೆಯಲ್ಲಿ ‘ಬರ್ಕೊಂಡಿದ್ರಂತೆ’ ಎಂದು ಆಡುವ ಮಗು ಪುಸ್ತಕದ ರೂಪವನ್ನು ಕಿವಿಯಿಂದ ಕೇಳಿದ್ದೂ ಕಡಿಮೆ. ಆದ್ದರಿಂದ ಕನ್ನಡದಲ್ಲಿ ಈ ತೊಂದರೆ ತಪ್ಪು ಓದಿನ ರೂಪದಲ್ಲಿ ಕಾಣುವುದಕ್ಕಿಂತ ಹೆಚ್ಚಾಗಿ ನಿಧಾನದ ರೂಪದಲ್ಲಿ ಕಾಣುತ್ತದೆ. ಐದನೇ ತರಗತಿಯ ಮಗು ಎಲ್ಲವನ್ನೂ ಸರಿಯಾಗಿಯೇ ಓದಬಹುದು, ಆದರೆ ಒಂದು ಪ್ಯಾರಾ ಮುಗಿಸುವಷ್ಟರಲ್ಲಿ ಬಳಲಿ ಹೋಗಿರುತ್ತದೆ, ಓದಿದ್ದರ ಅರ್ಥ ಕೇಳಿದರೆ ಹೇಳಲಾಗುವುದಿಲ್ಲ. ಇಂಥ ಮಗುವನ್ನು ‘ಓದಲು ಬರುತ್ತದೆ’ ಎಂಬ ಪಟ್ಟಿಗೆ ಸೇರಿಸಿ ಕೈಬಿಡುವುದೇ ನಮ್ಮಲ್ಲಿ ಹೆಚ್ಚು.

ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು. ನಮ್ಮ ಭಾಗದ ಅನೇಕ ಮನೆಗಳಲ್ಲಿ ಮಹಾಪ್ರಾಣಗಳನ್ನು ಬಿಡಿಸಿ ಉಚ್ಚರಿಸುವುದಿಲ್ಲ, ಪದದ ಮೊದಲಿನ ಹಕಾರವೂ ಎಷ್ಟೋ ಸಲ ಬೀಳುತ್ತದೆ. ಹೀಗಿರುವಾಗ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು, ‘ಭೂಮಿ’ಯನ್ನು ‘ಬೂಮಿ’ ಎಂದು ಬರೆದರೆ ಅದು ಆಡುಮಾತಿನ ಪ್ರಭಾವ, ಡಿಸ್ಲೆಕ್ಸಿಯಾ ಅಲ್ಲ. ಮನೆಯಲ್ಲಿ ಉರ್ದು, ತೆಲುಗು, ತುಳು, ಲಂಬಾಣಿ ಆಡುವ ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಕನ್ನಡವನ್ನೇ ಈಗಷ್ಟೇ ಕಲಿಯುತ್ತಿರುವ ಮಗುವಿನ ಮೇಲೆ ನ್ಯೂನತೆಯ ಹೆಸರು ಹೊರಿಸುವುದು, ನ್ಯೂನತೆ ಇರುವ ಮಗುವನ್ನು ಗುರುತಿಸದೇ ಬಿಡುವುದರಷ್ಟೇ ಅನ್ಯಾಯ.

ನಮ್ಮ ಓದಿನ ತರಗತಿಯಲ್ಲಿ ಮಾಂತ್ರಿಕವಾದದ್ದು ಏನೂ ಇಲ್ಲ. ಪ್ರತಿದಿನ ನಲವತ್ತು ನಿಮಿಷ, ಒಂದು ಗುಂಪಿನಲ್ಲಿ ಆರು ಮಕ್ಕಳಿಗಿಂತ ಹೆಚ್ಚಿಲ್ಲ, ಆಟದ ಅವಧಿಯನ್ನೂ ಚಿತ್ರಕಲೆಯ ಅವಧಿಯನ್ನೂ ಅವರಿಂದ ಕಿತ್ತುಕೊಳ್ಳುವುದಿಲ್ಲ. ಮೊದಲ ಹತ್ತು ನಿಮಿಷ ಪುಸ್ತಕವಾಗಲಿ ಸ್ಲೇಟಾಗಲಿ ಇರುವುದಿಲ್ಲ, ಕಿವಿಯ ಕೆಲಸ ಮಾತ್ರ. ‘ಕಮಲ’ದಲ್ಲಿ ‘ಕ’ ತೆಗೆದರೆ ಏನು ಉಳಿಯುತ್ತದೆ, ‘ಗಿಡ’ದ ಮೊದಲಲ್ಲಿರುವ ‘ಗಿ’ಯನ್ನು ಎಳೆದು ಹೇಳಿದರೆ ಕೊನೆಗೆ ಯಾವ ಸ್ವರ ಕೇಳುತ್ತದೆ, ‘ಕಲು’ ಎಂದೆನೇ ‘ಕಾಲು’ ಎಂದೆನೇ ‘ಕಲ್ಲು’ ಎಂದೆನೇ? ಹ್ರಸ್ವಕ್ಕೆ ಒಂದು ಚಪ್ಪಾಳೆ, ದೀರ್ಘಕ್ಕೆ ಕೈಯನ್ನು ಎಳೆಯುವುದು, ಒತ್ತು ಬಂದರೆ ಮೇಜನ್ನು ಕುಟ್ಟುವುದು. ಅದಾದ ಮೇಲೆ ತಟ್ಟೆಯಲ್ಲಿ ತೆಳುವಾಗಿ ರವೆ ಹರಡಿ, ಅಕ್ಷರದ ಧ್ವನಿಯನ್ನು ಬಾಯಲ್ಲಿ ಹೇಳುತ್ತಲೇ ಬೆರಳಿನಿಂದ ತಿದ್ದಿಸುತ್ತೇವೆ. ಕಣ್ಣು, ಕಿವಿ, ಬಾಯಿ, ಕೈ ಎಲ್ಲವನ್ನೂ ಒಟ್ಟಿಗೆ ಬಳಸುವ ಈ ಕ್ರಮವನ್ನು ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಅನ್ನಾ ಗಿಲ್ಲಿಂಗ್‌ಹ್ಯಾಮ್ 1930ರ ದಶಕದಲ್ಲಿ ಓದಿನ ತೊಂದರೆಯುಳ್ಳ ಮಕ್ಕಳಿಗಾಗಿ ರೂಪಿಸಿದರು. ನಮ್ಮ ಕೂಲಿಮಠಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದುದು ಅದಕ್ಕೂ ಹಿಂದಿನದು. ಅಲ್ಲಿನ ಬೆತ್ತವನ್ನು ಯಾರೂ ವಾಪಸು ತರಬೇಕಾಗಿಲ್ಲ, ಆದರೆ ಆ ಮರಳನ್ನು ನಾವು ಬಿಟ್ಟುಕೊಡಬಾರದಿತ್ತು.

ಕಾಗುಣಿತದ ವಿಷಯದಲ್ಲೂ ನನ್ನ ಅಭಿಪ್ರಾಯ ಇದೇ. ‘ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಗುಡಿಸಿನ ದೀರ್ಘ ಕೀ, ಕ ಕೊಂಬು ಕು’ ಎಂಬ ಹಳೆಯ ಪಾಠ ಪ್ರತಿ ಗುರುತಿಗೂ ಒಂದು ಹೆಸರನ್ನೂ ಒಂದು ಧ್ವನಿಯನ್ನೂ ಕೊಡುತ್ತದೆ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಇಷ್ಟು ಖಚಿತವಾದ ಉಪಕರಣ ಇನ್ನೊಂದಿಲ್ಲ. ಆದರೆ ಅದನ್ನು ಸಾಲಾಗಿ ರಾಗದಲ್ಲಿ ಒಪ್ಪಿಸಿದರೆ ಮಗುವಿಗೆ ಸಾಲು ಮಾತ್ರ ಬರುತ್ತದೆ. ನಾವು ಚೀಟಿಗಳನ್ನು ಕಲಸಿ ಹಾಕಿ, ‘ಲ’ಕ್ಕೆ ಗುಡಿಸು, ‘ನ’ಕ್ಕೆ ಏತ್ವ ಎಂದು ಅಲ್ಲಿಂದ ಇಲ್ಲಿಂದ ಕೇಳುತ್ತೇವೆ. ಒಂದು ಗುರುತು ಗಟ್ಟಿಯಾಗುವವರೆಗೆ ಮುಂದಿನದಕ್ಕೆ ಹೋಗುವುದಿಲ್ಲ. ಒತ್ತಕ್ಷರಗಳಲ್ಲಿ ಮೊದಲು ಅಪ್ಪ, ಅಕ್ಕ, ಅಣ್ಣ ಎಂಬ ಸಜಾತಿಯವು, ಆಮೇಲೆ ವಿಜಾತಿಯವು, ಎಲ್ಲಕ್ಕಿಂತ ಕೊನೆಗೆ ಅರ್ಕಾವತ್ತು.

ಓದಲು ಏನು ಕೊಡುವುದು ಎಂಬುದು ಮಾತ್ರ ಬಹಳ ಕಾಲ ನನ್ನನ್ನು ಕಾಡಿದ ಪ್ರಶ್ನೆ. ಹತ್ತು ವರ್ಷದ ಹುಡುಗನ ಮುಂದೆ ಒಂದನೇ ತರಗತಿಯ ಚಿತ್ರಪುಸ್ತಕ ಇಟ್ಟರೆ ಅವನಿಗೆ ಅವಮಾನವಾಗುತ್ತದೆ. ಅವನ ವಯಸ್ಸಿನ ಪುಸ್ತಕ ಇಟ್ಟರೆ ಮೊದಲ ಸಾಲಿನಲ್ಲೇ ಮೂರು ಒತ್ತಕ್ಷರಗಳು ಎದುರಾಗುತ್ತವೆ. ಆದ್ದರಿಂದ ಕಲಿತ ಅಕ್ಷರಗಳನ್ನಷ್ಟೇ ಬಳಸಿ, ಆದರೆ ದೊಡ್ಡ ಮಕ್ಕಳಿಗೆ ಹಿಡಿಸುವ ವಿಷಯಗಳ ಮೇಲೆ ನಾವೇ ಹಾಳೆಗಳನ್ನು ಬರೆಯಲು ತೊಡಗಿದೆವು. ನಮ್ಮ ರಾಜ್ಯದ ಒಂದನೇ ತರಗತಿಯ ಪಾಠ ‘ರ ಗ ಸ ದ ಅ’ ಎಂಬ ಐದು ಅಕ್ಷರಗಳಿಂದ ಆರಂಭವಾಗುತ್ತಿದ್ದುದು ಅನೇಕ ಓದುಗರಿಗೆ ನೆನಪಿರಬಹುದು. ಕಾಗುಣಿತವಿಲ್ಲ, ಒತ್ತಿಲ್ಲ, ಆಕಾರದಲ್ಲಿ ಒಂದನ್ನೊಂದು ಹೆಚ್ಚು ಹೋಲುವುದಿಲ್ಲ; ಬಹಳ ಯೋಚಿಸಿ ಮಾಡಿದ ಆಯ್ಕೆ ಅದು. ಆ ಐದರಲ್ಲೇ ನಮ್ಮ ಊರಿನ ಮಕ್ಕಳಿಗೆ ಹೇಳಿಮಾಡಿಸಿದಂಥ ಎರಡು ಪದಗಳು ಸಿಕ್ಕವು: ‘ಅರಸರ ದಸರ’. ಮೂರು ವರ್ಷ ಓದುವವನಂತೆ ನಟಿಸಿದ್ದ ಆ ಹುಡುಗ ತಾನಾಗಿಯೇ, ಯಾರ ದನಿಯ ಆಸರೆಯೂ ಇಲ್ಲದೆ ಓದಿದ ಮೊದಲ ಹಾಳೆ ಅದು. ಎರಡು ಪದ ಓದಿ, ತಲೆಯೆತ್ತಿ, ‘ಮಿಸ್, ಇದು ನಮ್ ದಸರಾನೇ ಅಲ್ವಾ?’ ಎಂದು ಕೇಳಿದ. ಓದಿದ್ದು ಅರ್ಥವಾಗುತ್ತದೆ ಎಂಬುದೇ ಅವನಿಗೆ ಹೊಸ ಸಂಗತಿಯಾಗಿತ್ತು.

ಈಗ ಅವನು ಆರನೇ ತರಗತಿಯಲ್ಲಿದ್ದಾನೆ. ಈಗಲೂ ನಿಧಾನವಾಗಿಯೇ ಓದುತ್ತಾನೆ, ಬಹುಶಃ ಮುಂದೆಯೂ ಓದು ಅವನಿಗೆ ಸರಾಗವಾಗಲಿಕ್ಕಿಲ್ಲ. ಆದರೆ ಸಮಾಜ ವಿಜ್ಞಾನದ ಪಾಠವನ್ನು ತಾನೇ ಓದಿಕೊಂಡು ಪ್ರಶ್ನೆ ಕೇಳುತ್ತಾನೆ. ಇದಕ್ಕೆ ಎರಡು ವರ್ಷ ಹಿಡಿಯಿತು. ‘ಮೂರು ತಿಂಗಳಲ್ಲಿ ಡಿಸ್ಲೆಕ್ಸಿಯಾ ಗುಣಪಡಿಸುತ್ತೇವೆ’ ಎಂದು ಮಾತ್ರೆ, ಬಣ್ಣದ ಕನ್ನಡಕ, ಮೆದುಳಿನ ವ್ಯಾಯಾಮ ಎನ್ನುತ್ತ ಹಣ ಕೇಳುವವರ ಬಳಿಗೆ ಹೋಗಬೇಡಿ ಎಂದು ತಂದೆತಾಯಂದಿರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನು ಕಾನೂನಿನ ಮಾತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿಗಷ್ಟೇ ಮನ್ನಣೆಯಿತ್ತು. 2017ರ ಏಪ್ರಿಲ್‌ನಿಂದ ಜಾರಿಗೆ ಬಂದ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ-2016 ಅದನ್ನು 21ಕ್ಕೆ ಏರಿಸಿ, ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿತು. ಅದರ 16ನೇ ಸೆಕ್ಷನ್ ಪ್ರಕಾರ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳಲ್ಲಿ ಮಕ್ಕಳ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ, ಅದನ್ನು ದಾಟಲು ತಕ್ಕ ಬೋಧನಾ ಕ್ರಮಗಳನ್ನು ಕೈಗೊಳ್ಳುವಂತೆ ಸರ್ಕಾರ ಮತ್ತು ಸ್ಥಳೀಯ ಆಡಳಿತಗಳು ಪ್ರಯತ್ನಿಸಬೇಕು. 17ನೇ ಸೆಕ್ಷನ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವುಗಳನ್ನು ಹೇಳುತ್ತದೆ. ನಾವು 17ನ್ನು ಗಟ್ಟಿಯಾಗಿ ಹಿಡಿದುಕೊಂಡು 16ನ್ನು ಮರೆತಿದ್ದೇವೆ ಎಂಬುದು ನನ್ನ ದೂರು.

ಅದಕ್ಕೆ ಒಂದು ಕಾರಣ ಪ್ರಮಾಣಪತ್ರ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯು ಎಂಟು ವರ್ಷ ತುಂಬಿದ ಮಕ್ಕಳಿಗೆ ಮಾತ್ರ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಕೊಡಬೇಕೆಂದೂ, 14 ಮತ್ತು 18ನೇ ವಯಸ್ಸಿನಲ್ಲಿ ಮರುಪರೀಕ್ಷೆ ಆಗಬೇಕೆಂದೂ ಹೇಳಿತು. ಎಂಟರೊಳಗಿನ ಮಕ್ಕಳಲ್ಲಿ ಕಲಿಕೆಯ ವೇಗ ಸಹಜವಾಗಿಯೇ ಹೆಚ್ಚುಕಡಿಮೆ ಇರುವುದರಿಂದ ಆ ನಿಯಮವನ್ನು ನಾನು ಒಪ್ಪುತ್ತೇನೆ. ಆದರೆ ಪ್ರಮಾಣಪತ್ರಕ್ಕೆ ಹೇಳಿದ ವಯಸ್ಸನ್ನು ಶಾಲೆಗಳು ಸಹಾಯಕ್ಕೂ ಹಚ್ಚಿಬಿಟ್ಟಿವೆ. ಎರಡನೇ ತರಗತಿಯ ಮಗು ತೊಡರುತ್ತಿರುವುದು ಕಣ್ಣೆದುರಿಗೇ ಇದ್ದರೂ ‘ಇನ್ನೂ ಚಿಕ್ಕವನು, ಟೆಸ್ಟ್ ಆಗಲಿ, ಸರ್ಟಿಫಿಕೇಟ್ ಬರಲಿ, ನೋಡೋಣ’ ಎನ್ನುತ್ತಾರೆ. ರವೆ ತಟ್ಟೆಯಲ್ಲಿ ಅಕ್ಷರ ತಿದ್ದಿಸಲು ಪ್ರಮಾಣಪತ್ರ ಏಕೆ ಬೇಕು? ಡಿಸ್ಲೆಕ್ಸಿಯಾ ಇಲ್ಲದ ಮಗುವಿಗೆ ಅದನ್ನು ಮಾಡಿಸಿದರೆ ಏನಾದರೂ ಕೆಡುಕಾದೀತೇ?

ಪ್ರಮಾಣಪತ್ರದ ದಾರಿಯಾದರೂ ಸುಗಮವೇ? ದೃಷ್ಟಿ ಮತ್ತು ಶ್ರವಣ ಪರೀಕ್ಷೆ, ಬುದ್ಧಿಮಟ್ಟದ ಪರೀಕ್ಷೆ, ಆಮೇಲೆ ಓದು, ಬರಹ, ಲೆಕ್ಕದ ಪರೀಕ್ಷೆ. ನಮ್ಮ ಐದನೇ ತರಗತಿಯ ಹುಡುಗಿಯೊಬ್ಬಳ ತಾಯಿ ಅಗರಬತ್ತಿ ಹೊಸೆಯುವ ಕೆಲಸದವರು, ಹೊಸೆದ ಲೆಕ್ಕಕ್ಕೆ ಕೂಲಿ. ಅವರು ನಾಲ್ಕು ದಿನದ ಕೂಲಿ ಬಿಟ್ಟು ಮಗಳನ್ನು ಒಂದು ಕೇಂದ್ರಕ್ಕೆ ಕರೆದೊಯ್ದರು. ಅಲ್ಲಿ ಓದಲು ಕೊಟ್ಟಿದ್ದು ಇಂಗ್ಲಿಷ್ ಪದಗಳ ಪಟ್ಟಿ. ಅಷ್ಟು ಹೊತ್ತಿಗೆ ಕನ್ನಡದ ಸರಳ ವಾಕ್ಯಗಳನ್ನು ನಿಧಾನವಾಗಿ ಓದಬಲ್ಲವಳಾಗಿದ್ದ ಆ ಹುಡುಗಿ ಪಟ್ಟಿಯನ್ನು ನೋಡಿ ತಲೆ ತಗ್ಗಿಸಿ ಕುಳಿತಳಂತೆ. ಅವಳ ಓದು ಒಂದನೇ ತರಗತಿಯ ಮಟ್ಟಕ್ಕಿಂತ ಕೆಳಗಿದೆ ಎಂದು ವರದಿ ಬಂತು. ‘ನನ್ ಮಗಳಿಗೆ ಬುದ್ಧಿ ಇಲ್ಲ ಅಂತ ಬರ್ದಿದಾರಾ ಮೇಡಂ?’ ಎಂದು ಆ ತಾಯಿ ವರದಿಯನ್ನು ನನ್ನ ಕೈಗಿಟ್ಟು ಕೇಳಿದರು. ಬೆಂಗಳೂರಿನಲ್ಲಿ ನಿಮ್ಹಾನ್ಸ್, ನಮ್ಮ ಊರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ಮೈಸೂರಿನಲ್ಲಿರುವ ತಾಯಿಯೇ ಇಷ್ಟು ಅಲೆಯಬೇಕಾದರೆ ಬೀದರ್, ಯಾದಗಿರಿಯ ತಾಯಿ ಏನು ಮಾಡಬೇಕು? ಕನ್ನಡ ಮಾಧ್ಯಮದ ಮಗುವಿನ ಓದನ್ನು ಕನ್ನಡದಲ್ಲೇ ಅಳೆಯುವ ವ್ಯವಸ್ಥೆ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಇರಲೇಬೇಕು.

ಇಷ್ಟೆಲ್ಲ ಆಗಿ ಪ್ರಮಾಣಪತ್ರ ಕೈಗೆ ಬಂತೆಂದೇ ಇಟ್ಟುಕೊಳ್ಳೋಣ. ಅದರಿಂದ ಕನ್ನಡ ಮಾಧ್ಯಮದ ಮಗುವಿಗೆ ಸಿಗುವುದೇನು? ಇಂಗ್ಲಿಷ್ ಮಾಧ್ಯಮದ ಮಗು ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ ಪಡೆದರೆ ಅದರ ಹೊರೆ ನಿಜವಾಗಿಯೂ ಇಳಿಯುತ್ತದೆ. ಕನ್ನಡ ಮಾಧ್ಯಮದ ಮಗುವಿಗೆ ಇಂಗ್ಲಿಷ್, ಹಿಂದಿಯಿಂದ ವಿನಾಯಿತಿ ಕೊಟ್ಟರೂ ವಿಜ್ಞಾನ ಕನ್ನಡದಲ್ಲಿ, ಇತಿಹಾಸ ಕನ್ನಡದಲ್ಲಿ, ಗಣಿತದ ಲೆಕ್ಕದ ವಿವರಣೆ ಕನ್ನಡದಲ್ಲಿ. ‘ದ್ಯುತಿಸಂಶ್ಲೇಷಣೆ’, ‘ಆವರ್ತಕೋಷ್ಟಕ’ ಎಂಬ ಪದಗಳಿಂದ ಯಾವ ವಿನಾಯಿತಿ ಇದೆ? ಮೇಲಾಗಿ, ಇಂಗ್ಲಿಷನ್ನು ಕೈಬಿಟ್ಟ ಬಡ ಮಗುವಿಗೆ ಮುಂದೆ ಮುಚ್ಚಿಹೋಗುವ ಬಾಗಿಲುಗಳೇ ಹೆಚ್ಚು. ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷದಂತೆ ಸಿಗುವ ಹೆಚ್ಚುವರಿ ಸಮಯ ನಿಧಾನವಾಗಿಯಾದರೂ ಓದಬಲ್ಲ ಮಗುವಿಗೆ ದೊಡ್ಡ ಆಸರೆ. ಓದಲೇ ಬಾರದ ಮಗುವಿಗೆ ಅದು ಪ್ರಶ್ನೆಪತ್ರಿಕೆಯ ಮುಂದೆ ಇನ್ನೂ ಒಂದು ಗಂಟೆ ಕೂರುವ ಶಿಕ್ಷೆ. ಲಿಪಿಕಾರರಿಗೆ ಉತ್ತರ ಹೇಳಿ ಬರೆಸುವುದಕ್ಕೂ ಅಭ್ಯಾಸ ಬೇಕು, ಪರೀಕ್ಷೆಯ ದಿನ ಮೊದಲ ಸಲ ಮುಖ ನೋಡಿದವರಿಗೆ ಮಗು ಹೇಗೆ ಹೇಳಬೇಕು? ನಾನು ಈ ರಿಯಾಯಿತಿಗಳಿಗೆ ವಿರೋಧಿಯಲ್ಲ. ಅವು ಮಕ್ಕಳ ಹಕ್ಕು, ಒಂದನ್ನೂ ಕಡಿತ ಮಾಡಬಾರದು. ಆದರೆ ಓದು ಕಲಿಸದೆ ರಿಯಾಯಿತಿ ಮಾತ್ರ ಕೊಡುವುದು ಸಾಲದು ಎಂಬುದೇ ನನ್ನ ವಾದ.

ಆದ್ದರಿಂದ ಶಿಕ್ಷಣ ಇಲಾಖೆಯಲ್ಲಿ ನಾನು ವಿನಂತಿಸುವುದು ಹೊಸ ಕಾನೂನನ್ನಲ್ಲ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಆರಂಭವಾಗಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ನಲಿಕಲಿ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯನ್ನು ತನ್ನದೇ ವೇಗದಲ್ಲಿ ಏರಬಹುದೆಂಬ ಒಳ್ಳೆಯ ತತ್ವ ಆಗಲೇ ಇದೆ. ಒಂದೇ ಮೆಟ್ಟಿಲಿನಲ್ಲಿ ತಿಂಗಳುಗಟ್ಟಲೆ ನಿಂತುಬಿಟ್ಟ ಮಗುವಿಗೆ ಏನು ಮಾಡಬೇಕು ಎಂಬುದನ್ನು ಆ ಶಿಕ್ಷಕಿಗೆ ಕಲಿಸಿಕೊಡುವ ತರಬೇತಿ ಬೇಕಾಗಿದೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಇರುವ ತಾಲ್ಲೂಕು ಮಟ್ಟದ ಸಂಪನ್ಮೂಲ ಶಿಕ್ಷಕರಾದ ಬಿಐಇಆರ್‌ಟಿಗಳು ಎಲ್ಲ ಬಗೆಯ ವೈಕಲ್ಯದ ಮಕ್ಕಳನ್ನು, ಶಾಲೆಗೆ ಬರಲಾಗದೆ ಮನೆಯಲ್ಲೇ ಇರುವ ಮಕ್ಕಳನ್ನೂ ನೋಡಿಕೊಳ್ಳಬೇಕು. ಪ್ರತಿ ಶಾಲೆಗೆ ದಿನವೂ ಬಂದು ಓದಿಸಲು ಅವರಿಂದ ಆಗದು. ಆದ್ದರಿಂದ ಪ್ರತಿ ಕ್ಲಸ್ಟರಿನಲ್ಲಿ (ಅಕ್ಕಪಕ್ಕದ ಶಾಲೆಗಳ ಗುಂಪಿನಲ್ಲಿ) ಕನಿಷ್ಠ ಒಬ್ಬ ನಲಿಕಲಿ ಶಿಕ್ಷಕಿಗೆ ಡಯಟ್‌ಗಳ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ) ಮೂಲಕ ಓದಿನ ತೊಂದರೆಯ ಬಗ್ಗೆ ತರಬೇತಿ ಸಿಗಲಿ, ಅದು ಎರಡು ದಿನದ ಭಾಷಣವಾಗದೆ ಮಕ್ಕಳ ಜೊತೆ ಕುಳಿತು ಮಾಡುವ ತರಬೇತಿಯಾಗಲಿ. ಶಿಕ್ಷಕರ ತರಬೇತಿಯ ಡಿ.ಎಲ್.ಎಡ್. (ಹಿಂದಿನ ಡಿ.ಎಡ್.) ಪಠ್ಯದಲ್ಲಿ ಕನ್ನಡ ಅಕ್ಷರಗಳ ಕಲಿಕೆಯನ್ನು, ಎಲ್ಲಿ ಮಕ್ಕಳು ಎಡವುತ್ತಾರೆ ಎಂಬುದನ್ನು, ಬಿಡಿಸಿ ಹೇಳುವ ಪಾಠ ಸೇರಲಿ. ಪ್ರಥಮ ಭಾಷೆ ಕನ್ನಡವಾಗಿರುವ ಕಲಿಕಾ ನ್ಯೂನತೆಯುಳ್ಳ ಮಗುವಿಗೆ ಎಲ್ಲ ವಿಷಯಗಳ ಪ್ರಶ್ನೆಪತ್ರಿಕೆಯನ್ನೂ ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆ ಕೆಳಗಿನ ತರಗತಿಗಳಿಂದಲೇ ರೂಢಿಗೆ ಬರಲಿ.

ಸಹಶಿಕ್ಷಕರಲ್ಲಿ ಇನ್ನೊಂದು ಕೋರಿಕೆ. ಜೂನ್, ಜುಲೈ ತಿಂಗಳುಗಳಲ್ಲಿ ಎರಡನೇ ಮತ್ತು ಮೂರನೇ ತರಗತಿಯ ಪ್ರತಿ ಮಗುವನ್ನೂ ಒಬ್ಬೊಬ್ಬರನ್ನಾಗಿ ಪಕ್ಕದಲ್ಲಿ ಕೂರಿಸಿಕೊಂಡು, ಎಂದೂ ಕಾಣದ ನಾಲ್ಕು ವಾಕ್ಯಗಳನ್ನು ಓದಿಸಿ ಕೇಳಿಸಿಕೊಳ್ಳಿ. ಒಂದು ಮಗುವಿಗೆ ಐದು ನಿಮಿಷ ಸಾಕು. ಪಠ್ಯಪುಸ್ತಕದ ಪಾಠ ಬೇಡ, ಅದು ಬಾಯಿಪಾಠವಾಗಿರುತ್ತದೆ. ಯಾವ ಗುರುತಿನ ಬಳಿ ಮಗು ನಿಂತಿತು ಎಂಬುದನ್ನು ಬರೆದಿಟ್ಟುಕೊಳ್ಳಿ: ದೀರ್ಘವೋ, ಒತ್ತೋ, ಕೊಂಬೋ, ಪದದ ಉದ್ದವೋ. ಮರುದಿನದ ಪಾಠ ಆ ಟಿಪ್ಪಣಿಯಿಂದಲೇ ಹುಟ್ಟುತ್ತದೆ.

ನಾವು ಸಿದ್ಧಪಡಿಸಿರುವ ಓದಿನ ಹಾಳೆಗಳು ಈವರೆಗೆ ‘ರ ಗ ಸ ದ ಅ’ದಿಂದ ಸಜಾತಿ ಒತ್ತಕ್ಷರಗಳವರೆಗೆ ಮುಗಿದಿವೆ, ವಿಜಾತಿಯವು ಅರ್ಧಕ್ಕೆ ಬಂದಿವೆ. ಯಾವ ಶಾಲೆಗೆ ಬೇಕಾದರೂ ಅವನ್ನು ಕಳುಹಿಸಿಕೊಡಲು ಸಿದ್ಧಳಿದ್ದೇನೆ. ತಮ್ಮ ಕಚೇರಿಗೆ ಪತ್ರ ಬರೆದವರ ವಿಳಾಸಗಳನ್ನು ನನಗೆ ತಲುಪಿಸಿದರೆ ಒಂದೊಂದು ಪ್ರತಿಯನ್ನು ಅಂಚೆಗೆ ಹಾಕುತ್ತೇನೆ. ಜೆರಾಕ್ಸ್ ಮಾಡಿಕೊಳ್ಳಲು ಯಾರ ಅನುಮತಿಯೂ ಬೇಡ.

ಇಂತಿ ತಮ್ಮ ವಿಶ್ವಾಸಿ,
ಓದಿನ ತರಗತಿಯ ಶಿಕ್ಷಕಿ,
ಮೈಸೂರು